ಗಿಂಬಳ ಮುಟ್ಟದ ಸರ್ವೆಯರ್

ನಾನು ಆಪ್ತಸಮಾಲೋಚಕಿ. ಇಂಥ ಪ್ರಕರಣ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಉತ್ತರ ಕರ್ನಾಟಕದ ಕಡೆಯ ಸರ್ವೆಯರ್. ಪೋಡಿ (ಜಮೀನು ಅಳೆದು ಭಾಗ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು) ಅಂತ ಗಿಂಬಳ ತಾನಾಗಿಯೇ ಕೈಗೆ ಬರುವ ಕೆಲಸ. ಇವರು ಒಂದು ರೂಪಾಯಿ ಮುಟ್ಟಿದವರಲ್ಲ. ದಿನಾ ಬೆಳಿಗ್ಗೆ ಲಿಂಗಪೂಜೆ ತಪ್ಪಿಸುವುದಿಲ್ಲ. ಆದರೂ ನಿದ್ದೆ ಇಲ್ಲ, ಮನೆಯಲ್ಲಿ ಮಾತಿಲ್ಲ. ಪೂಜೆಗೆ ಕೂತರೆ ಸಹೋದ್ಯೋಗಿ ಕಟ್ಟಿಸಿದ ಎರಡನೇ ಮಹಡಿಯೇ ಕಣ್ಣಿಗೆ ಬರುತ್ತದಂತೆ.

ಆವತ್ತು ಅವರ ಹೆಂಡತಿಯೂ ಬಂದಿದ್ದರು. ಸರ್ವೆಯರ್ ಆಯ್ದಕ್ಕಿ ಲಕ್ಕಮ್ಮನ ಕಥೆ ತೆಗೆದರು. ಗೊತ್ತಲ್ವಾ, 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಒಂದಿನ ಜಾಸ್ತಿ ತಂದಿದ್ದಕ್ಕೆ ಲಕ್ಕಮ್ಮ ವಾಪಸ್ ಸುರಿದು ಬಾ ಎಂದು ಕಳಿಸಿದಳು. "ಹೆಂಡತಿ ಅಂದ್ರ ಹಂಗಿರಬೇಕು ನೋಡ್ರಿ ಮೇಡಂ" ಅಂದರು.

ಅಷ್ಟೊತ್ತೂ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದ ಆಕೆ ತಲೆ ಎತ್ತದೆ ಹೇಳಿದರು: "ಲಕ್ಕಮ್ಮ ತಾನೇ ಬ್ಯಾಡ ಅಂದಳ್ರಿ. ನನ್ನ ಯಾರ್ ಕೇಳ್ಯಾರ? ರೊಕ್ಕ ತರಲಿಲ್ಲ ಅಂತ ನನಗ ಸಿಟ್ಟಿಲ್ಲ. ದಿನಾ ಅದನ್ನ ಹೇಳಿ ತೋರಸ್ತಾರಲ್ಲ, ಅದಕ್ಕ."

ಅವರು ಬಾಯಿ ತೆರೆದರು, ಮತ್ತೆ ಮುಚ್ಚಿದರು.

ನಾನು ಹೇಳಿದ್ದು ಇಷ್ಟೇ. ಲಂಚ ಬೇಡ ಅನ್ನೋದು ನಿಮ್ಮ ನೇಮ ಸರ್, ಅದನ್ನು ಬಿಡಬೇಡಿ. ಆದರೆ ಅದಕ್ಕೆ ಹೆಂಡತಿಯಿಂದ, ಆಫೀಸಿನಿಂದ ಬಾಕಿ ವಸೂಲಿ ಮಾಡಬೇಡಿ. ಹಾಗೆ ಮಾಡುವವರೆಗೂ ತಗೊಂಡವನಷ್ಟೇ ನೀವೂ ಆ ದುಡ್ಡಿಗೆ ಕಟ್ಟುಬಿದ್ದಿರುತ್ತೀರಿ. ಒಂದು ತಿಂಗಳು ಮನೆಯಲ್ಲಿ ಲಂಚದ ಮಾತೇ ಎತ್ತಬೇಡಿ. ಸಂಬಳದ ಚೀಟಿ ಇಬ್ಬರೂ ಎದುರಿಗಿಟ್ಟುಕೊಂಡು ಖರ್ಚು ಬರೆಯಿರಿ, ಏನು ಬಿಡಬೇಕು, ಏನು ಬಿಡಬಾರದು ಅಂತ ಮೊದಲು ನಿಮ್ಮ ಹೆಂಡತಿ ಹೇಳಲಿ.

"ಸ್ವಲ್ಪ ಹೊಂದಿಕೊಂಡು ಹೋಗಿ ಅಂದಿದ್ರೆ ಅವರಿಗೂ ಸುಲಭ ಆಗ್ತಿತ್ತಲ್ವಾ, ನೀವು ತಟಸ್ಥವಾಗಿರಬೇಕು" ಅಂತ ಈ ವೃತ್ತಿಯ ಗೆಳತಿಯೊಬ್ಬರು ನನ್ನನ್ನು ಬೈದರು. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. ಲಂಚ ತಗೊಂಡರೆ 3ರಿಂದ 7 ವರ್ಷ ಜೈಲು, 2018ರ ತಿದ್ದುಪಡಿ ಬಂದಮೇಲೆ ಕೊಟ್ಟವರೂ ತಪ್ಪಿತಸ್ಥರೇ. ಹೊಂದಿಕೊಳ್ಳಿ ಅನ್ನೋದು ತಟಸ್ಥ ಮಾತು ಹೇಗಾಗುತ್ತೆ? ಕಾನೂನು ಬದಿಗಿಡಿ, ನಂಬಿದ್ದನ್ನು ಬಿಟ್ಟು ನೆಮ್ಮದಿ ಕಂಡವರನ್ನು ನಾನಂತೂ ನೋಡಿಲ್ಲ.

ಅವರು ಇನ್ನೂ ಬರುತ್ತಾರೆ, ಈಗ ಅಪರೂಪಕ್ಕೆ. ನಿದ್ದೆ ಪರವಾಗಿಲ್ಲ. ಖರ್ಚಿನ ಪುಸ್ತಕ ಹೆಂಡತಿಯ ಕೈಯಲ್ಲಿದೆ, ಅವರ ಹೊಲಿಗೆ ಮಷಿನ್ನಿನ ಕಂತೂ ಅದರಲ್ಲಿ ಸೇರಿದೆ. ಬಡ್ತಿ ಬಂದಿಲ್ಲ. ಕಳೆದ ಸಲ ಆ ವಿಷಯ ಎತ್ತಿದ್ದು ನಾನೇ, ಅವರಲ್ಲ.