ವೈಫೈ ಪದೇಪದೇ ಕೈಕೊಡುತ್ತಿದೆಯೇ? ಲಿನಕ್ಸ್ ಲ್ಯಾಪ್‌ಟಾಪ್ ಪ್ರಶ್ನೋತ್ತರ

(ಇಲ್ಲಿ ಕಮಾಂಡ್‌ಗಳ ಉಚ್ಚಾರಣೆ ಕನ್ನಡದಲ್ಲಿದೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ನೆಟ್‌ವರ್ಕ್‌ಮ್ಯಾನೇಜರ್ ಎಂಬಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡಕ್ಷರ; ತಪ್ಪಿದರೆ ಫೋಲ್ಡರೇ ಸಿಗುವುದಿಲ್ಲ.)

ಪ್ರಶ್ನೆ: ನನ್ನದು ಉಬುಂಟು 22.04. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ವೈಫೈ ಇದೆಯೆಂದು ತೋರಿಸುತ್ತದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿ. ಪಕ್ಕದಲ್ಲೇ ಇರುವ ಫೋನಿಗೆ ತೊಂದರೆಯಿಲ್ಲ. ರೂಟರ್ ಬದಲಿಸಲೇ? (ಹಾಸನದ ಓದುಗರು)

ಉತ್ತರ: ಈಗಲೇ ದುಡ್ಡು ಬಿಚ್ಚಬೇಡಿ. ಸಂಪರ್ಕ ನಿಂತ ಹೊತ್ತಿನಲ್ಲೇ ಟರ್ಮಿನಲ್ ತೆರೆದು ಮೊದಲು ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಆಮೇಲೆ ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ (‘ಪಿಂಗ್’ ಮುಂದೆ ವಿಳಾಸ ಬರೆದರೆ ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ತಿಳಿಯುತ್ತದೆ). ಎರಡರಿಂದಲೂ ಉತ್ತರ ಬಂದು ಪುಟ ಮಾತ್ರ ತೆರೆಯದಿದ್ದರೆ ಅದು ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕುವ ವ್ಯವಸ್ಥೆ) ತೊಂದರೆ, ವೈಫೈ ಸೆಟ್ಟಿಂಗ್ ಮುಟ್ಟುವುದೇ ಬೇಡ. ರೂಟರೇ ಉತ್ತರ ಕೊಡದಿದ್ದರೆ ಕಾರ್ಡಿನ ವಿದ್ಯುತ್ ಉಳಿತಾಯದ ಮೇಲೆ ಅನುಮಾನ ಪಡಿ. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತದೆ.

ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ಎಂಬ ‘ನಾನಿದ್ದೇನೆ’ ಸಂಕೇತ ಕಳಿಸುತ್ತದೆ. ಪವರ್ ಸೇವ್ ಇದ್ದಾಗ ಕಾರ್ಡು ನಡುನಡುವೆ ನಿದ್ದೆ ಹೊಡೆದು, ಬೀಕನ್ ಹೊತ್ತಿಗೆ ಎದ್ದು, ತನಗಾಗಿ ಏನಾದರೂ ಕಾದಿದೆಯೇ ಎಂದು ನೋಡಬೇಕು. ಕೆಲವು ಕಾರ್ಡುಗಳ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಸರಿಯಾದ ಸಮಯಕ್ಕೆ ಏಳುವುದಿಲ್ಲ.

ಪರೀಕ್ಷೆ ಹೀಗೆ. ‘ಐಡಬ್ಲ್ಯು ಡೆವ್’ ಎಂದರೆ ಕಾರ್ಡಿನ ಹೆಸರು ಸಿಗುತ್ತದೆ. ಡಬ್ಲ್ಯುಎಲ್‌ಪಿ2ಎಸ್0 ಎಂದಿದೆ ಎಂದುಕೊಳ್ಳಿ. ‘ಸುಡೊ ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಪಿ2ಎಸ್0 ಸೆಟ್ ಪವರ್_ಸೇವ್ ಆಫ್’ ಕೊಟ್ಟು ಅರ್ಧ ದಿನ ಬಳಸಿ. ಇದು ತಾತ್ಕಾಲಿಕ, ರೀಬೂಟ್ ಮಾಡಿದರೆ ಹೋಗುತ್ತದೆ. ಗುಣ ಕಂಡರೆ /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ ಫೋಲ್ಡರಿನಲ್ಲಿ ಹೆಸರು ‘ಡೀಫಾಲ್ಟ್-ವೈಫೈ-ಪವರ್‌ಸೇವ್’ ಎಂದು ಶುರುವಾಗುವ ಫೈಲನ್ನು ಸುಡೊ ಮೂಲಕ ತೆರೆದು, ‘ವೈಫೈ.ಪವರ್‌ಸೇವ್ = 3’ ಎಂಬುದನ್ನು 2 ಮಾಡಿ. ತುಂಬ ಜನ ಎಡವುವುದು ಇಲ್ಲೇ: ಆಫ್ ಎಂದುಕೊಂಡು 0 ಹಾಕುತ್ತಾರೆ. ಇಲ್ಲಿ 0 ಎಂದರೆ ‘ಡೀಫಾಲ್ಟ್ ಇದ್ದಂತೆ ಇರಲಿ’, 2 ಎಂದರೆ ಆಫ್, 3 ಎಂದರೆ ಆನ್. ಸೇವ್ ಮಾಡಿ ‘ಸುಡೊ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’ ಕೊಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು.

ಇಷ್ಟಾದರೂ ನಿಂತರೆ ‘ಜರ್ನಲ್‌ಸಿಟಿಎಲ್ -ಕೆ -ಬಿ’ ಲಾಗಿನಲ್ಲಿ ಸಂಪರ್ಕ ನಿಂತ ಸಮಯದ ಸಾಲುಗಳನ್ನು ಓದಿ. ಇಂಟೆಲ್ ಕಾರ್ಡಾಗಿದ್ದು ‘ಮೈಕ್ರೋಕೋಡ್ ಎಸ್‌ಡಬ್ಲ್ಯು ಎರರ್’ ಎಂದು ಕಂಡರೆ ಫರ್ಮ್‌ವೇರ್ ಕುಸಿದಿದೆ. ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನೂ ಕರ್ನಲನ್ನೂ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಮಾಡಿ.

ಪ್ರಶ್ನೆ: ಎಚ್‌ಪಿ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್. ರೂಟರ್ ಪಕ್ಕ ಕೂತರೆ ಮಾತ್ರ ವೈಫೈ ಸಿಗುತ್ತದೆ. ಪಕ್ಕದ ಕೋಣೆಗೆ ಹೋದರೆ ಮಾಯ. ವಿಂಡೋಸ್‌ನಲ್ಲಿ ಹೀಗಿರಲಿಲ್ಲ. (ಶಿರಸಿಯ ಓದುಗರು)

ಉತ್ತರ: ‘ಎಲ್‌ಎಸ್‌ಪಿಸಿಐ’ ಪಟ್ಟಿಯಲ್ಲಿ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ ಎಂದಿದೆಯೇ ನೋಡಿ. ಇದ್ದರೆ ರೋಗ ಗೊತ್ತಿರುವಂಥದ್ದು. ಈ ಕಾರ್ಡಿನಲ್ಲಿ ಆಂಟೆನಾಕ್ಕೆ ಎರಡು ಜಾಗ ಇರುತ್ತವೆ. ಹಲವು ಎಚ್‌ಪಿ ಮಾದರಿಗಳಲ್ಲಿ ವೈರ್ ಸೇರಿರುವುದು ಒಂದಕ್ಕೆ ಮಾತ್ರ. ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಖಾಲಿ ಜಾಗವನ್ನು ಆರಿಸಿಕೊಂಡರೆ ಕಾರ್ಡಿಗೆ ಕಿವಿಯೇ ಇಲ್ಲದಂತಾಗುತ್ತದೆ.

ಒಂದೇ ಕುರ್ಚಿಯಲ್ಲಿ ಕೂತು ‘ಎನ್‌ಎಂಸಿಎಲ್‌ಐ ಡೆವ್ ವೈಫೈ’ ಕೊಟ್ಟು, ನಿಮ್ಮ ರೂಟರಿನ ಸಿಗ್ನಲ್ ಅಂಕಿ (100ಕ್ಕೆ ಎಷ್ಟು ಎಂದು) ಬರೆದಿಟ್ಟುಕೊಳ್ಳಿ. ನಂತರ ‘ಸುಡೊ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ’, ಬಳಿಕ ‘ಸುಡೊ ಮಾಡ್‌ಪ್ರೋಬ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2’. ಮತ್ತೆ ಅಂಕಿ ನೋಡಿ. ಫರಕು ಬಂದರೆ ಎದ್ದು ಕಾಣುವಷ್ಟು ಬರುತ್ತದೆ. ಬರದಿದ್ದರೆ ಇದನ್ನೇ 1 ಹಾಕಿ ಮಾಡಿ. ಗೆದ್ದ ಸಂಖ್ಯೆಯನ್ನು /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಆರ್‌ಟಿಎಲ್8723ಬಿಇ.ಕಾನ್ಫ್ ಎಂಬ ಫೈಲಿನಲ್ಲಿ ‘ಆಪ್ಷನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2’ ಎಂಬ ಒಂದೇ ಸಾಲಾಗಿ ಬರೆದಿಡಿ.

ಎರಡೂ ಫಲಿಸದಿದ್ದರೆ, ಅದರಲ್ಲೂ ಈಚೆಗೆ ಎಸ್‌ಎಸ್‌ಡಿ ಅಥವಾ ರ‍್ಯಾಮ್ ಹಾಕಿಸಿದ್ದರೆ, ಹಿಂಬದಿ ಮುಚ್ಚಳ ತೆಗೆಸಿ. ಕಾರ್ಡಿಗೆ ಒತ್ತಿ ಕೂರಿಸುವ ಆಂಟೆನಾ ವೈರಿನ ತುದಿ ಸಾಸಿವೆಗಿಂತ ತುಸು ದೊಡ್ಡದು, ಬೇಗ ಕಳಚಿಕೊಳ್ಳುತ್ತದೆ. ಬ್ಯಾಟರಿ ಕನೆಕ್ಟರ್ ಬಿಡಿಸಿದ ಮೇಲೆ ನೇರ ಮೇಲಿನಿಂದ ಒತ್ತಿದರೆ ಸಣ್ಣಗೆ ಟಿಕ್ ಎನ್ನುತ್ತದೆ. ಓರೆಯಾಗಿ ಒತ್ತಿದರೆ ಮುರಿಯುತ್ತದೆ.

ಪ್ರಶ್ನೆ: ಬ್ರಾಡ್‌ಕಾಮ್ ಬಿಸಿಎಂ43142 ಕಾರ್ಡು. ಉಬುಂಟು ಅಪ್‌ಡೇಟ್ ಆದ ಮೇಲೆ ವೈಫೈ ಐಕಾನೇ ಇಲ್ಲ. (ರಾಯಚೂರಿನ ಓದುಗರು)

ಉತ್ತರ: ಬೂಟ್ ಆಗುವಾಗ ಗ್ರಬ್ ಮೆನುವಿನ (ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಪಟ್ಟಿ) ಅಡ್ವಾನ್ಸ್‌ಡ್ ಆಪ್ಷನ್ಸ್‌ನಿಂದ ಹಳೆಯ ಕರ್ನಲ್ ಆರಿಸಿ. ಅಲ್ಲಿ ವೈಫೈ ಬಂದರೆ ಕಾರ್ಡು ಚೆನ್ನಾಗಿದೆ. ಬ್ರಾಡ್‌ಕಾಮ್‌ನ ಈ ಡ್ರೈವರ್ ಕರ್ನಲ್ ಜೊತೆ ಬರುವುದಿಲ್ಲ. ಪ್ರತಿ ಹೊಸ ಕರ್ನಲ್‌ಗೂ ಡಿಕೆಎಂಎಸ್ ಎಂಬ ಸಾಧನ ಅದನ್ನು ಮತ್ತೆ ಕಟ್ಟಬೇಕು. ಇದಕ್ಕೆ ಬೇಕಾದ, ಆ ಕರ್ನಲ್‌ನ ಹೆಡರ್ ಪ್ಯಾಕೇಜು ಇಲ್ಲದಿದ್ದರೆ ಕಟ್ಟುವ ಕೆಲಸ ಅಲ್ಲೇ ನಿಲ್ಲುತ್ತದೆ.

ಹೊಸ ಕರ್ನಲ್‌ಗೆ ಮರಳಿ, ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪಿಗೆ ಕೊಡುವುದು) ಆನ್ ಮಾಡಿ. ಆ ಕರ್ನಲ್‌ನ ಹೆಡರ್‌ಗಳನ್ನು ಹಾಕಿ ‘ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್’ ಪ್ಯಾಕೇಜನ್ನು ಮರುಸ್ಥಾಪಿಸಿ. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟಾಗ ಹೊಸ ಕರ್ನಲ್ ಸಂಖ್ಯೆಯ ಮುಂದೆ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಡ್ರೈವರ್ ತಡೆಯುವ ಭದ್ರತೆ) ಆನ್ ಇದ್ದರೆ ಸ್ಥಾಪನೆಯ ವೇಳೆ ಪಾಸ್‌ವರ್ಡ್ ಕೇಳಬಹುದು, ರೀಬೂಟ್ ವೇಳೆ ನೀಲಿ ಪರದೆ ಬರಬಹುದು. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ. ಕೆಲವೇ ಸೆಕೆಂಡಿನಲ್ಲಿ ಅದು ತಾನಾಗಿ ಮುಂದೆ ಹೋಗಿಬಿಡುತ್ತದೆ, ಕೀಲಿಮಣೆ ಬಿಟ್ಟು ಏಳಬೇಡಿ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಹಾಕಿದ ಕೂಡಲೇ ವೈಫೈ ನಿಧಾನ. (ಮೈಸೂರಿನ ಓದುಗರು)

ಉತ್ತರ: ಎರಡೂ 2.4 ಗಿಗಾಹರ್ಟ್ಸ್‌ನಲ್ಲಿ ಕಿತ್ತಾಡುತ್ತಿವೆ. ರೂಟರಿನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿಟ್ಟು ಲ್ಯಾಪ್‌ಟಾಪನ್ನು ಅದಕ್ಕೇ ಜೋಡಿಸಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ದರೆ ಉದ್ದ ಕೇಬಲ್ ಹಾಕಿ ದೂರವಿಡಿ, ಅದೂ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲೇ ಗದ್ದಲ ಎಬ್ಬಿಸುತ್ತದೆ.