ನಕ್ಷೆಯ ನದಿಯಲ್ಲಿ ಬಾರ್ಜ್ ತೇಲುವುದಿಲ್ಲ

ವಾಸ್ಕೊದ ಓದುಗರು: ಗೋವಾದಲ್ಲಿ ದಶಕಗಳ ಕಾಲ ಬಾರ್ಜ್‌ಗಳು (ಚಪ್ಪಟೆ ತಳದ ಸರಕು ದೋಣಿಗಳು) ಅದಿರು ಹೊತ್ತವು. ಗಂಗೆಯಂಥ ನದಿಯಲ್ಲಿ ಅದೇಕೆ ಅಷ್ಟು ಸಲೀಸಾಗಿಲ್ಲ? ಜಲಸಾರಿಗೆ ಅಗ್ಗ ಅಂತಾರಲ್ಲ?

ಮತ್ತದೇ ‘ಅಗ್ಗ’! ಹಾಗೆ ಹೇಳುವವರ ಲೆಕ್ಕದಲ್ಲಿ ಬರೀ ನೀರಿನ ಮೇಲಿನ ಖರ್ಚಿರುತ್ತದೆ. ಸರಕು ತುಂಬುವ ಕಟ್ಟೆ, ಅಂದರೆ ಜೆಟ್ಟಿವರೆಗೆ ಲಾರಿ, ತುಂಬುವ ಖರ್ಚು, ಆಚೆ ದಡದಲ್ಲಿ ಇಳಿಸುವ ಖರ್ಚು, ಮತ್ತೊಂದು ಲಾರಿ, ಇವನ್ನೂ ಕೂಡಿಸಿ ನೋಡಿ. ಗೋವಾದಲ್ಲಿ ಗಿಟ್ಟಿದ್ದು ಗಣಿಗಳು ನದಿಗೆ ಹತ್ತಿರವಿದ್ದು, ಸರಕು ಮರ್ಮಗೋವಾ ಬಂದರಿನಲ್ಲಿ ನೇರ ಹಡಗು ಸೇರುತ್ತಿದ್ದರಿಂದ. ಹಾಗಾಗಿ ಬಾರ್ಜ್ ಖಾಲಿ ವಾಪಸಾದರೂ ನಷ್ಟವಾಗಲಿಲ್ಲ. ಮೇಲಾಗಿ ಅಲ್ಲಿನ ಮಾಂಡೋವಿ, ಜುವಾರಿ ಸಮುದ್ರದ ಉಬ್ಬರ ಏರುವ ನದಿಗಳು. ಸುಮಾರು 2 ಮೀಟರ್ ಉಬ್ಬರ ನೋಡಿಕೊಂಡು ತುಂಬಿದ ಬಾರ್ಜ್ ಹೊರಡುತ್ತದೆ. ಮಳೆಗಾಲದಲ್ಲಿ ಅಗ್ವಾದದ ಮರಳುದಿಬ್ಬದಿಂದ ಮಾಂಡೋವಿಯ ಬಾಯಿ ಕಟ್ಟಿದರೂ ಕುಂಬಾರಜುವೆ ಕಾಲುವೆ ಹಿಡಿದು ಜುವಾರಿಗೆ ಬರಬಹುದು.

ಗಂಗೆಯ ಜಲಮಾರ್ಗ ಬೇರೆ. ಹಲ್ದಿಯಾದಿಂದ ಪ್ರಯಾಗ್‌ರಾಜ್‌ವರೆಗಿನ 1,620 ಕಿ.ಮೀ.ಯಲ್ಲಿ ಮೇಲ್ಭಾಗಕ್ಕೆ ಉಬ್ಬರದ ಆಸರೆಯಿಲ್ಲ. ಬೇಸಿಗೆಯಲ್ಲಿ ನೀರಾವರಿ ಕಾಲುವೆಗಳು ನೀರೆಳೆಯುತ್ತವೆ, ಪ್ರವಾಹ ಇಳಿದಾಗ ಮರಳುದಿಬ್ಬ ಜಾಗ ಬದಲಿಸಿರುತ್ತದೆ. 70 ಮೀಟರ್ ಉದ್ದ, 14 ಮೀಟರ್ ಅಗಲದ ಬಾರ್ಜ್ ತೆಗೆದುಕೊಳ್ಳಿ. ನೀರಿನ ಆಳ ಬರೀ 10 ಸೆಂ.ಮೀ. ಕಡಿಮೆಯಾದರೆ ಸುಮಾರು 80 ಟನ್ ಸರಕನ್ನು ದಡದಲ್ಲೇ ಬಿಡಬೇಕು. ಅರ್ಧ ಮೀಟರ್ ಅಂದರೆ 400 ಟನ್. ಸಿಬ್ಬಂದಿಯ ಸಂಬಳ, ಸಾಲದ ಬಡ್ಡಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ವರ್ಷದ ಸರಾಸರಿ ಆಳ ತೋರಿಸುವ ಸಲಹೆಗಾರರನ್ನು ಬಾಗಿಲಿಂದಲೇ ಕಳಿಸಿ. ಕೇಳಬೇಕಾದದ್ದು ಇಡೀ ಹಾದಿಯ ಅತಿ ಆಳವಿಲ್ಲದ ಜಾಗದಲ್ಲಿ, ಬೇಸಿಗೆಯಲ್ಲಿ, ಎಷ್ಟು ನೀರು ಅಂತ. ಅದರಲ್ಲೂ ತಳದಡಿ ಅರ್ಧ ಮೀಟರ್ ಬಿಟ್ಟು ಲೆಕ್ಕ ಹಾಕಿ. ಕಡಿಮೆ ಸಾಕೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಪಣಜಿ: ಒಮ್ಮೆ ಸರಿಯಾಗಿ ಹೂಳೆತ್ತಿದರೆ ಮುಗೀತಲ್ಲ?

ಮುಂದಿನ ಮಳೆಗಾಲದವರೆಗೆ.

ಪುಣೆ: ಭೀಮಾ ನದಿಯೂ 2016ರ ಕಾಯ್ದೆಯ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿದೆ. ಸರಕು ದೋಣಿ ಯಾವಾಗ?

ಪಟ್ಟಿಗೆ ಸೇರಿಸಿದರೆ ನೀರು ಬರುವುದಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ಹೋಗಿ ನೋಡಿ ಬನ್ನಿ.

ಮಡಗಾಂವ್: ಹಳೇ ಅದಿರು ಬಾರ್ಜ್ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲೇ?

ಸರಕು ಕೊಡುವವರ ಜೊತೆ ಬರಹದಲ್ಲಿ ಕರಾರಾಗದೆ ಬೇಡ. 2012ರಲ್ಲಿ ಗಣಿಗಾರಿಕೆ ನಿಂತಾಗ ಬಾರ್ಜ್‌ಗಳೂ ಲಂಗರು ಹಾಕಿ ನಿಂತವು, ಸಾಲದ ಕಂತು ನಿಲ್ಲಲಿಲ್ಲ. ಕರಾರಿದ್ದರೂ ಡ್ರೈಡಾಕ್‌ಗೆ (ನೀರು ಖಾಲಿ ಮಾಡಿ ಹಡಗಿನ ತಳ ನೋಡುವ ಕಟ್ಟೆ) ಎಳೆಸಿ, ತಳದ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಮೀಟರ್‌ನಲ್ಲಿ ಅಳೆಸದೆ ಮುಂಗಡ ಕೊಡಬೇಡಿ. ಮೊದಲು ಸವೆಯುವುದು ನೀರು ನಿಲ್ಲುವ ಮೂಲೆಗಳು ಮತ್ತು ವೆಲ್ಡಿಂಗ್ ಅಂಚುಗಳು. ಬಣ್ಣ ಹೊಚ್ಚಹೊಸದಿದ್ದರೆ ಅಲ್ಲೇ ಮೊದಲು ಸುತ್ತಿಗೆಯಿಂದ ಬಡಿದು ನೋಡಿ.