ಅರವತ್ತು ಜನರ ಕ್ಲಾಸಿನಲ್ಲಿ ಮಾತು ಯಾರ ಪಾಲಿಗೆ?

ಓದುಗಿಯ ಪತ್ರ: ನಾನು ಬೆಂಗಳೂರಿನ ವಿಜಯನಗರದವಳು, ಬಿ.ಕಾಂ. ಎರಡನೇ ವರ್ಷ. ನಮ್ಮ ಇಂಗ್ಲಿಷ್ ಕ್ಲಾಸು ಈಗ ವಿಡಿಯೊ ಕಾನ್ಫರೆನ್ಸ್‌ನಲ್ಲಿ ನಡೆಯುತ್ತಿದೆ. ಅರವತ್ತು ಜನ ಇದ್ದೇವೆ. ನಾಚಿಕೆ ಇಲ್ಲದೆ ಮಾತಾಡಬಹುದು ಅಂತ ಕೆಲವರು, ಸುಮ್ನೆ ಟೈಮ್ ವೇಸ್ಟ್ ಅಂತ ಕೆಲವರು. ಯಾರು ಹೇಳುವುದು ಸರಿ?

ಸಂಪಾದಕರ ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. ಗಂಟೆಯ ಕ್ಲಾಸಿನಲ್ಲಿ ಮೇಷ್ಟ್ರು ಬಾಯಿಯೇ ಬಿಡದಿದ್ದರೂ ಒಬ್ಬೊಬ್ಬರಿಗೆ ಸಿಗುವುದು 1 ನಿಮಿಷ. ಕಾಲೇಜಿನ ಬೆಂಚಿನಲ್ಲಿ ಕೂತರೂ ಅಷ್ಟೇ ಅಲ್ವಾ? ಹಾಗಾಗಿ ಟೈಮ್ ವೇಸ್ಟ್ ಅನ್ನುವವರ ಸಿಟ್ಟು ನ್ಯಾಯವೇ, ಆದರೆ ವಿಡಿಯೊವನ್ನು ಬೈದು ಉಪಯೋಗವಿಲ್ಲ.

ವಿಡಿಯೊದ್ದೇ ಆದ ತೊಂದರೆ ಬೇರೆ ಇದೆ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು ಇರುತ್ತದೆ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ನೆಟ್‌ವರ್ಕ್ ತುಸು ತಡವಾದರೂ ಈ ಲಯ ತಪ್ಪುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, ಆಮೇಲೆ ಮ್ಯೂಟ್. ಮೊದಲೇ ಇಂಗ್ಲಿಷ್‌ಗೆ ಹೆದರುವವರು ಎರಡನೇ ಸಲ ಬಾಯಿ ತೆರೆಯುವುದಿಲ್ಲ.

ಇನ್ನು ನಾಚಿಕೆಯ ವಿಷಯ. ಮನೆಯಲ್ಲಿ ಸ್ವಂತ ರೂಮ್ ಇರುವವರಿಗೆ ಇದು ನಿಜ. ಪಿಜಿಯಲ್ಲಿ ಮೂವರು ರೂಮ್‌ಮೇಟ್‌ಗಳ ಎದುರು ತಪ್ಪು ಇಂಗ್ಲಿಷ್ ಮಾತಾಡುವುದು ಕ್ಲಾಸಿಗಿಂತ ಕಷ್ಟ! ಪರದೆಯಲ್ಲಿ ನಮ್ಮ ಮುಖವನ್ನೇ ನೋಡುತ್ತಾ ಕೂರುವುದೂ ಸುಸ್ತು ಮಾಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕರೆಯ ಆಯಾಸಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಸೆಟ್ಟಿಂಗ್‌ನಲ್ಲಿ ನಿಮ್ಮ ಚಿತ್ರ ನಿಮಗೆ ಕಾಣದಂತೆ ಮಾಡಿಕೊಳ್ಳಿ.

ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ನಮ್ಮೂರಿನ ಹೆಸರೇ ಬಿತ್ತು: ಬ್ಯಾಂಗಲೋರ್ ಪ್ರಾಜೆಕ್ಟ್. ವ್ಯಾಕರಣ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಸಮಸ್ಯೆ ಬಿಡಿಸಲು ಹೇಳುವುದು. ಕೆಲಸದ ಮೇಲೆ ಗಮನ, ಭಾಷೆ ಹಿಂದೆಯೇ ಬರುತ್ತದೆ. ಗುಂಪು ಮಾಡಿ ಮಾತಾಡಿಸುವುದು ಮಾತ್ರ ಅವರಿಗೆ ಅಷ್ಟಾಗಿ ಒಪ್ಪಿರಲಿಲ್ಲ, ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ ಅಂತ. ನನಗಂತೂ ಮ್ಯೂಟ್ ಆಗಿ ಕೂರುವುದಕ್ಕಿಂತ ಅದೇ ವಾಸಿ ಅನ್ನಿಸುತ್ತದೆ.

ನಿಮ್ಮ ಮೇಷ್ಟ್ರನ್ನು ಕೇಳಿ ನೋಡಿ: ಇಪ್ಪತ್ತು ನಿಮಿಷ ಇಬ್ಬಿಬ್ಬರನ್ನು ಬೇರೆ ಬೇರೆ ಬ್ರೇಕ್‌ಔಟ್ ರೂಮ್‌ಗೆ, ಅಂದರೆ ಅದೇ ಕರೆಯೊಳಗಿನ ಪುಟ್ಟ ಕೋಣೆಗೆ, ಕಳಿಸಲಿ. ಒಬ್ಬರ ಕೈಯಲ್ಲಿ ಮೈಸೂರು ರೈಲುಗಳ ವೇಳೆ, ಇನ್ನೊಬ್ಬರ ಕೈಯಲ್ಲಿ ಟಿಕೆಟ್ ದರ. ಒಬ್ಬರನ್ನೊಬ್ಬರು ಕೇಳದೆ ಕೆಲಸ ಮುಗಿಯಬಾರದು. ಡೇಟಾ ಕಮ್ಮಿ ಇರುವವರು ಕ್ಯಾಮೆರಾ ಆಫ್ ಮಾಡಿಕೊಳ್ಳಲಿ, ಇದಕ್ಕೆ ದನಿಯೊಂದು ಸಾಕು.